ಅಲೆ ಅಳೆಯಲು ಬಂದ ಮಾಸ್ತರ

ಯಾರು ಎಲ್ಲಿ ಗೂಟ ಬಡಿದರೂ ನಮ್ಮಪ್ಪನಿಗೆ ಅದು ಹೊಲ ನುಂಗಲು ಬಂದದ್ದೇ. ದಾಯಾದಿಗಳು ವರ್ಷಕ್ಕೊಮ್ಮೆ ಬಾಂದಿನ ಕಲ್ಲು ಸರಿಸುವುದು, ಅಪ್ಪ ಅದನ್ನು ಮರಳಿ ಸರಿಸುವುದು, ಹಳಿಯಾಳ ಸೀಮೆಯ ನಮ್ಮೂರಿನಲ್ಲಿ ಉಳುಮೆಯಷ್ಟೇ ವಾಡಿಕೆಯ ಕೆಲಸ. ಅಂಥ ಅಪ್ಪನ ಗದ್ದೆಯ ಅಂಚಿಗೇ, ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ, ಅಪರಿಚಿತನೊಬ್ಬ ಬಂದು ಗೂಟ ಬಡಿದ.

ಧಾರವಾಡದ ಕಾಲೇಜಿನ ಗಣಿತದ ಮಾಸ್ತರನಂತೆ. ರಜೆಗೆಂದು ದಾಂಡೇಲಿಯ ಅಕ್ಕನ ಮನೆಗೆ ಬಂದವನು ದಿನಾ ಬಸ್ಸು ಹಿಡಿದು ನಮ್ಮ ಕೆರೆಗೆ ಬರುತ್ತಿದ್ದ. ಕೆರೆಯೊಳಗಿನಿಂದ ನಮ್ಮ ಗದ್ದೆಯವರೆಗೆ ನೆಲ ಸಾವಕಾಶ ಏರುತ್ತಿತ್ತು. ಆ ಏರಿನಗುಂಟ ಏಳು ಗೂಟ, ಒಂದೊಂದಕ್ಕೂ ಕೆಂಪು ಗೆರೆಗಳು. ಮಧ್ಯಾಹ್ನ ಗಾಳಿ ಎದ್ದಾಗ ನೀರಿನಲ್ಲಿ ನಿಂತು, ಅಲೆ ಯಾವ ಗೆರೆ ಮುಟ್ಟಿತೆಂದು ಬರೆದುಕೊಳ್ಳುತ್ತಿದ್ದ.

“ನೀರಿನ ಆಳ ಕಡಿಮಿ ಆದಂಗ ಅಲಿ ಎಷ್ಟು ಎತ್ತರ ಏಳತೈತಿ ಅಂತ ಕಾಗದದ ಮ್ಯಾಲೆ ಲೆಕ್ಕಾ ಹಾಕೇನ್ರಿ. ನೀರು ಅದನ್ನ ಒಪ್ಪತೈತೋ ಇಲ್ಲೋ ನೋಡಬೇಕು. ನಾಕು ವರ್ಷದ ಕೆಲಸ” ಎಂದು ಅಪ್ಪನಿಗೆ ಹೇಳಿದ.

ಅವನು ಹೋದಮೇಲೆ ಅಪ್ಪ ಕೆಂಡವಾದ. “ಅಲಿ ಅಳಿಲಿಕ್ಕೆ ಯಾವ ಹುಚ್ಚ ಬಸ್ ಹತ್ತಿ ಬರ್ತಾನ? ಕೆರಿ ಏರಿ ಎತ್ತರ ಮಾಡಿ ನಮ್ಮ ಗದ್ದಿ ಮುಳಗಸ್ತಾರ. ನೀರು ಎಲ್ಲಿತನಾ ಬರ್ತೈತಿ ಅನ್ನೂ ಗುರುತು ಅವು.” ನಾನೂ ಅದನ್ನೇ ನಂಬಿದೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು ನಾನು, ಅವನ ಪುಸ್ತಕ ಇಣುಕಿ ನೋಡಿದ್ದೆ. ಅದರಲ್ಲಿ ಅಂಕಿಗಿಂತ ಅಕ್ಷರಗಳೇ ಹೆಚ್ಚು. ಲೆಕ್ಕಕ್ಕೆ ಅಕ್ಷರ ಯಾಕೆ ಬೇಕು, ಕಳ್ಳ!

ರವಿವಾರ ಅವನು ಬರುತ್ತಿರಲಿಲ್ಲ. ಅಪ್ಪ, ನಾನು ಕೆರೆಗಿಳಿದೆವು. ಗದ್ದೆಯಂಚಿನದೊಂದನ್ನೇ ಕಿತ್ತರೆ ಗೊತ್ತಾದೀತೆಂದು ಏಳನ್ನೂ ಗದ್ದೆಯಿಂದ ದೂರ, ಎರಡೆರಡು ಮಾರು ಕೆರೆಯೊಳಗೆ ಸರಿಸಿ, ನಡುವಿನ ಅಂತರವನ್ನು ಹಗ್ಗ ಹಿಡಿದು ಸರಿಮಾಡಿದೆವು. ಅಲ್ಲಿ ಆಳ ಹೆಚ್ಚು. ಆದ್ದರಿಂದ ನೀರು ಮೊದಲಿನ ಗೆರೆಗೇ ನಿಲ್ಲುವಂತೆ ಗೂಟಗಳನ್ನು ಕೆಸರಿನಲ್ಲಿ ಇನ್ನಷ್ಟು ಇಳಿಸಿದೆವು. ಕೆಲಸ ಎಷ್ಟು ನಯವಾಗಿತ್ತೆಂದರೆ ನನಗೆ ಹೆಮ್ಮೆಯೇ ಆಯಿತು. ಆ ಏರಿಯನ್ನು ಯಾರೂ ಎತ್ತರಿಸಲಿಲ್ಲ ಎಂದು ಈಗ ಹೇಳಿ ಏನು ಪ್ರಯೋಜನ.

ಮುಂದಿನ ವಾರವೆಲ್ಲ ಮಾಸ್ತರ ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಶನಿವಾರ ಒದ್ದೆ ಧೋತರದಲ್ಲೇ ಬಂದು ನಮ್ಮ ಕಟ್ಟೆಯ ಮೇಲೆ ಕೂತ. ಅಪ್ಪ ಪೇಟೆಗೆ ಹೋಗಿದ್ದ.

“ತಂಗಿ, ಅಲಿ ನನ್ನ ಲೆಕ್ಕದಷ್ಟು ಏಳವಲ್ದು. ಮೊದಲ್ನೇ ವಾರ ತಾಳೆ ಆಗಿತ್ತು. ತಪ್ಪು ತಿಳ್ಕೋಬ್ಯಾಡ, ಗೂಟಾ ಯಾರರೆ ಮುಟ್ಯಾರೇನು?”

ನನ್ನ ಬಾಯಿ ನಮ್ಮಪ್ಪನ ಮಗಳದು. “ನಮ್ಮ ಮ್ಯಾಲೆ ಸಂಶೇ ಏನ್ರಿ? ನಮ್ಮನಿ ನೀರು ಕುಡದು ನಮಗ ಕಳ್ಳರು ಅಂತೀರಿ?”

ಅವನ ಕಿವಿ ಕೆಂಪಾದವು. ಎದ್ದು ಕೈಮುಗಿದ. “ಛೇ, ತಪ್ಪಾತವ್ವಾ. ನನ್ನ ಲೆಕ್ಕಾ ತಪ್ಪಿದ್ದಕ್ಕ ನಿಮ್ಮ ಮ್ಯಾಲೆ ಹಾಕಿದೆ. ಹೊಟ್ಟ್ಯಾಗ ಹಾಕ್ಕೋ.”

ಆಮೇಲೆ ಪುಸ್ತಕ ತೆರೆದು, ಮೊದಲ ಪುಟದಿಂದ ಹಿಡಿದು ಒಂದೊಂದೇ ಪುಟಕ್ಕೆ ಅಡ್ಡಗೆರೆ ಎಳೆಯುತ್ತ ಹೋದ. ನಾನು ಬಾಗಿಲಿಗೆ ಒರಗಿ ನಿಂತು ನೋಡಿದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೊನೆಯ ಪುಟದವರೆಗೂ ಹೇಳಲಿಲ್ಲ.