ಎಲ್ಲರೂ ಬಿಟ್ಟ ಎಂಟು ಸಾಲು

ಜಪಾನಿನ ಕಾವಾಸಾಕಿ ಊರಿನ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಹಿರಿಯ ಎಂಜಿನಿಯರ್ ನಿವೃತ್ತರಾಗುವುದಕ್ಕೆ ಒಂದು ತಿಂಗಳಿದ್ದಾಗ, ಬೀಳ್ಕೊಡುಗೆಯ ದಿನ ಒಂದು ಹಾಡು ಹಾಡುತ್ತೀರಾ ಎಂದು ನನ್ನನ್ನು ಕೇಳಿದರು. ಅವರು ನಲವತ್ತು ವರ್ಷಗಳಿಂದ ರಜೆಯ ದಿನಗಳಲ್ಲಿ ಗೆಳೆಯರ ಜಾಜ್ ತಂಡದಲ್ಲಿ ಡಬಲ್ ಬಾಸ್ ನುಡಿಸುತ್ತಿದ್ದವರು. ತಂಡದ ಗಾಯಕಿಗೆ ಗಂಟಲು ಕೆಟ್ಟಿತ್ತು.

"ನೀವು ಇಂಡಿಯಾದಲ್ಲಿ ಸಂಗೀತ ಕಲಿತವರು ಅಂದಿದ್ರಿ" ಎಂದರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ.

"ಬಿಟ್ಟು ಇಪ್ಪತ್ತು ವರ್ಷ ಆಯ್ತು, ಸಾರ್."

"ಪರವಾಗಿಲ್ಲ. ಈ ಹಾಡು ಎಲ್ಲರಿಗೂ ಗೊತ್ತು."

ಅದು ನಿಜ. ಬೆಂಗಳೂರಿನ ಹೋಟೆಲುಗಳ ಲಿಫ್ಟಿನಲ್ಲಿ ಕೇಳಿದ್ದೆ. ಇಲ್ಲಿ ಮೂಲೆಯ ಕೊಂಬಿನಿ ಅಂಗಡಿಗೆ ಹಾಲು ತರಲು ಹೋದರೂ ಪದಗಳಿಲ್ಲದೆ ತೇಲಿಬರುತ್ತಿತ್ತು. ಯಾವುದೋ ಕಾಲದ ಅಮೆರಿಕದ ರಂಗನಾಟಕದ ಹಾಡು. ನಾಟಕ ಯಾರಿಗೂ ನೆನಪಿಲ್ಲ. ಹಾಡನ್ನು ಮಾತ್ರ ಹಾಡದವರಿಲ್ಲ, ನುಡಿಸದವರಿಲ್ಲ.

ಯೋಚಿಸದೆ ಒಪ್ಪಿಕೊಂಡುಬಿಟ್ಟೆ. ಒಂದು ಕಡೆ ಕೂರಲಾಗದ ದಿನಗಳು ಅವು. ನನ್ನ ಜಪಾನ್ ಕೆಲಸ ಮುಂದುವರಿಯುತ್ತದೋ ಇಲ್ಲವೋ ಎನ್ನುವುದು ಬೆಂಗಳೂರಿನ ಆಫೀಸಿನಲ್ಲಿ ತೂಗಾಡುತ್ತಿತ್ತು. ಮಗಳನ್ನು ಇಲ್ಲಿಯ ಮಿಡ್ಲ್ ಸ್ಕೂಲಿಗೆ ಸೇರಿಸಬೇಕೋ, ಅಲ್ಲಿ ಸೀಟು ಹುಡುಕಬೇಕೋ ತಿಳಿಯದು. ಬೆಂಗಳೂರಿನಿಂದ ಗಂಡ ದಿನವೂ "ಏನಾಯ್ತು?" ಎಂದು ಮೆಸೇಜು ಹಾಕುತ್ತಿದ್ದರು. ಏನೂ ಆಗಿರುತ್ತಿರಲಿಲ್ಲ.

ರೈಲಿನಲ್ಲಿ ನಿಂತುಕೊಂಡೇ ಆ ಹಾಡಿನ ಒಂದೊಂದು ರೆಕಾರ್ಡಿಂಗನ್ನೂ ಕೇಳಿದೆ. ಒಬ್ಬ ಅಳುವವನಂತೆ ಎಳೆದು ಹಾಡಿದ್ದ. ಒಬ್ಬಳು ಬಸ್ಸು ಹಿಡಿಯುವವಳ ಹಾಗೆ ಓಡಿದ್ದಳು. ಇನ್ನೊಬ್ಬನ ಟ್ರಂಪೆಟ್ ಅರ್ಧ ಹಾಡು ಮುಗಿಯುವವರೆಗೆ ರಾಗದ ಹತ್ತಿರವೂ ಸುಳಿದಿರಲಿಲ್ಲ. ಮೈಸೂರಿನಲ್ಲಿ ನನ್ನ ಗುರುಗಳು ಕೀರ್ತನೆಯ ಒಂದು ಸಂಗತಿ ಹೆಚ್ಚುಕಡಿಮೆಯಾದರೂ ತಾಳ ನಿಲ್ಲಿಸಿ ಮುಖ ನೋಡುತ್ತಿದ್ದರು. ಇಲ್ಲಿ ಯಾವುದು ಸರಿಯಾದ ಪಾಠ? ಅದನ್ನೇ ಯೋಚಿಸುತ್ತ ಎರಡು ಸಲ ನನ್ನ ಸ್ಟೇಷನ್ ದಾಟಿಹೋಗಿ ವಾಪಸು ಬಂದೆ.

ಅಭ್ಯಾಸದ ದಿನ ಇನ್ನೂ ಕಷ್ಟವಾಯಿತು. ಪಿಯಾನೋ ಶುರುವಾಗುತ್ತಿತ್ತು, ನಾನು ಎಲ್ಲಿ ಎತ್ತಿಕೊಳ್ಳಬೇಕೋ ಅಲ್ಲಿ ಬಾಯಿ ತೆರೆದುಕೊಂಡು ನಿಂತಿರುತ್ತಿದ್ದೆ. ಮೂರು ಸಲ ಹಾಗೇ ಆಯಿತು. ಹಿರಿಯ ಎಂಜಿನಿಯರ್ ಪ್ರತಿಸಲವೂ ನಗುತ್ತ "ದಾಯಿಜೋಬು, ದಾಯಿಜೋಬು", ಪರವಾಗಿಲ್ಲ, ಎಂದು ಸಮಾಧಾನ ಹೇಳಿದರು. ಒಂದು ಸಲ ಬೈದಿದ್ದರೆ ವಾಸಿಯಾಗಿತ್ತು.

ಮನೆಯಲ್ಲಿ ಒಲೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಒಲೆಗೆ ಓಡಾಡುತ್ತ ಹಾಡುತ್ತಿದ್ದೆ. ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ತಲೆಯೆತ್ತಿದಳು.

"ಅಮ್ಮಾ, ಪ್ಲೀಸ್, ಸಿಟ್ ಡೌನ್. ಇದು ಮ್ಯೂಸಿಕಲ್ ಸಾಂಗ್ ಅಲ್ವಾ? ಒರಿಜಿನಲ್ ಕೇಳಿದ್ಯಾ?"

ಕೇಳಿರಲಿಲ್ಲ. ಅವಳೇ ಹುಡುಕಿ ಕೊಟ್ಟಳು. ಕರಕರ ಸದ್ದಿನ ಹಳೆಯ ರೆಕಾರ್ಡಿಂಗ್. ನನಗೆ ಗೊತ್ತಿದ್ದ ಮೊದಲ ಸಾಲಿಗಿಂತ ಮುಂಚೆ ಅದರಲ್ಲಿ ಇನ್ನೂ ಎಂಟು ಸಾಲುಗಳಿದ್ದವು! ತಾಳವಿಲ್ಲದೆ, ಅರ್ಧ ಮಾತು ಅರ್ಧ ಹಾಡಾಗಿ. ನಾಟಕದ ಹೆಣ್ಣು ಊರು ಬಿಟ್ಟು ಹೊರಟಿದ್ದಾಳೆ. ಅದನ್ನು ತನ್ನ ಪ್ರಿಯನಿಗೆ ಹೇಳಲು ಬಂದು, ಹೇಳಲಾಗದೆ ಬೇರೇನೋ ಮಾತಾಡುತ್ತ ನಿಂತಿದ್ದಾಳೆ. ಲೋಕಕ್ಕೆಲ್ಲ ಗೊತ್ತಿರುವ ಹಾಡು ಶುರುವಾಗುವುದು ಅದಾದ ಮೇಲೆ.

"ಇದನ್ನ ಯಾಕೆ ಎಲ್ಲಾರೂ ಬಿಟ್ಟುಬಿಟ್ರು?"

"ಸ್ಕಿಪ್ ಇಂಟ್ರೋ" ಎಂದು ಅವಳು ಪುಸ್ತಕಕ್ಕೆ ಮರಳಿದಳು.

ನನಗೆ ಬಿಡಲಾಗಲಿಲ್ಲ. ಆಲಾಪನೆಯಲ್ಲಿ ನಿಲ್ಲುವಂತೆ ಒಂದೊಂದು ಪದದ ಮೇಲೂ ಬೇಕಾದಷ್ಟು ಹೊತ್ತು ನಿಲ್ಲಬಹುದಿತ್ತು. ಎಷ್ಟೋ ದಿನಗಳ ಮೇಲೆ ಉಸಿರು ಹಿಡಿತಕ್ಕೆ ಬಂತು. ಮೂರು ದಿನದಲ್ಲಿ ಕಲಿತೆ, ಯಾರಿಗೂ ಹೇಳಲಿಲ್ಲ. ಹೇಳಿದರೆ ಬೇಡ ಎಂದಾರೆಂಬ ಭಯ. ಆ ಗುರುವಾರವೇ ಬೆಂಗಳೂರಿನ ಮೇಲ್ ಬಂತು. ಇನ್ನು ಆರು ತಿಂಗಳು ಇರಬಹುದು, ಆಮೇಲೆ ನೋಡೋಣ. ಇದ್ದಂತೆಯೂ ಅಲ್ಲ, ಹೊರಟಂತೆಯೂ ಅಲ್ಲ.

ಶನಿವಾರ ಮಧ್ಯಾಹ್ನ ಸಭಾಂಗಣದ ತುಂಬ ಸೂಟು ಧರಿಸಿದ ಸಹೋದ್ಯೋಗಿಗಳು ನೆರೆದಿದ್ದರು. ನಾನು ಪಿಯಾನೋದವರ ಬಳಿ ಬಗ್ಗಿ, "ಸುಮಿಮಾಸೆನ್, ಕ್ಷಮಿಸಿ, ಮೊದಲು ನಾನೊಬ್ಬಳೇ ಹಾಡ್ತೀನಿ" ಎಂದೆ. ಅವರು ಗಾಬರಿಯಿಂದ ಕೈ ಹಿಂತೆಗೆದುಕೊಂಡರು.

ಹಾಡಿದೆ. ಬೇರೆ ಹಾಡು ಎತ್ತಿಕೊಂಡೆನೆಂದು ಭಾವಿಸಿ, ಬಾಸ್ ಹಿಡಿದು ನಿಂತಿದ್ದ ಹಿರಿಯರು ನನ್ನತ್ತ ಹುಬ್ಬೇರಿಸಿದರು. ಮೂರನೆಯ ಸಾಲಿನ ಹೊತ್ತಿಗೆ ತಲೆ ವಾಲಿಸಿ ಆಲಿಸತೊಡಗಿದರು. ಎಂಟನೆಯದು ಮುಗಿದಾಗ ಅವರ ಮುಖ ನೋಡಿದೆ. ಅವರ ಬಾಸಿನ ತಂತಿಯಿಂದ ಮೆಲ್ಲಗೆ ಎರಡು ಸ್ವರಗಳು ಬಂದವು, ನಾನು ಸರಿಯಾದ ಜಾಗದಲ್ಲೇ ಎತ್ತಿಕೊಂಡೆ. ಆಮೇಲೆ ನಡುವೆ ಅವಸರಪಟ್ಟು ಮುಂದೆ ಹೋದದ್ದೂ ಉಂಟು. ಅವರು ನನ್ನ ಜೊತೆ ಓಡಿಬಂದು ಉಳಿದವರನ್ನೂ ಎಳೆದು ತಂದರು.

ಎಲ್ಲ ಮುಗಿದು, ವಾದ್ಯಕ್ಕೆ ಗವಸು ಹಾಕುತ್ತ ಅವರು ಕೇಳಿದರು. "ಆ ಶುರುವಿನದು ಎಲ್ಲಿಂದ ಬಂತು?"

"ಅದೇ ಹಾಡಿಂದು. ನಾಟಕದಲ್ಲಿ ಇದೆ."

ಅವರ ಕೈ ಜಿಪ್ಪಿನ ಮೇಲೆಯೇ ನಿಂತಿತು. "ನಲವತ್ತು ವರ್ಷ ನುಡಿಸಿದೆ. ಅವಳು ಹೊರಟಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಸಂತೋಷದ ಹಾಡು ಅಂದ್ಕೊಂಡಿದ್ದೆ. ಸ್ವಲ್ಪ ಜೋರಾಗಿಯೇ ನುಡಿಸಿಬಿಟ್ಟೆ, ಇಷ್ಟು ವರ್ಷ."

ಬರೆದುಕೊಡಿ ಎಂದರು. ಕಾರ್ಯಕ್ರಮದ ಹಾಳೆಯ ಹಿಂದೆ ಎಂಟೂ ಸಾಲುಗಳನ್ನು ಬರೆದುಕೊಟ್ಟೆ. ಸ್ಟೇಷನ್ನಿನವರೆಗೆ ಜೊತೆಯಲ್ಲೇ ನಡೆದೆವು. ಪ್ಲಾಟ್‌ಫಾರ್ಮಿನಲ್ಲಿ ಅವರು ವಾದ್ಯವನ್ನು ಒಂದು ಕೈಯಲ್ಲಿ ತಬ್ಬಿ, ಇನ್ನೊಂದು ಕೈಯಲ್ಲಿ ಹಾಳೆ ಹಿಡಿದು, ತುಟಿ ಅಲುಗಿಸುತ್ತ ಓದುತ್ತಿದ್ದರು. ಅವರ ರೈಲು ಬಂತು. ಅವರು ಹತ್ತಲಿಲ್ಲ. ಐದನೆಯ ಸಾಲಿನ ಒಂದು ಪದದ ಮೇಲೆ ಬೆರಳಿಟ್ಟು, "ಇದನ್ನ ಇನ್ನೊಂದು ಸಲ ಹೇಳಿ" ಎಂದರು.