ಫರಸಿಯ ಮೇಲಿನ ಡಬ್ಬಿ

ನನ್ನ ಮುಂದಿನ ಹಲ್ಲುಗಳಲ್ಲಿ ಒಂದು ಕಮಲಾಪುರದಲ್ಲೇ ಉಳಿದಿದೆ. ಅದನ್ನು ಕಿತ್ತವನು ಹಲ್ಲಿನ ಡಾಕ್ಟರಲ್ಲ. ಕೇಳಿದವರಿಗೆಲ್ಲ ಬೈಕಿನಿಂದ ಬಿದ್ದೆ ಎಂದು ಹೇಳಿಕೊಂಡು ಬಂದಿದ್ದೇನೆ. ಸುಳ್ಳು ಹೇಳಿದ್ದು ಸಾಕು.

ಆಗ ನನ್ನ ಕೆಲಸ, ಭೂಕಂಪದ ಅಲೆಗಳನ್ನು ಹಿಡಿದು ನೆಲದಡಿಯ ಮಣ್ಣು ಎಷ್ಟು ಆಳಕ್ಕಿದೆ ಎಂದು ಕಂಡುಹಿಡಿಯುವುದು. ಹೇಳಲು ದೊಡ್ಡ ವಿದ್ಯೆ. ಮಾಡುತ್ತಿದ್ದದ್ದು ಬಹುಪಾಲು ಬೈಕ್ ಓಡಿಸುವುದು. ಕಮಲಾಪುರ, ಮಹಾಗಾಂವದ ಸುತ್ತ ಆರು ಮನೆಗಳಲ್ಲಿ ಕಂಪನ ಬರೆದುಕೊಳ್ಳುವ ಆರು ಯಂತ್ರಗಳನ್ನು ಇಟ್ಟಿದ್ದೆವು. ಜನ ಅವನ್ನು ಡಬ್ಬಿ ಎನ್ನುತ್ತಿದ್ದರು, ನಮಗೂ ಅದೇ ರೂಢಿಯಾಯಿತು. ಎಲ್ಲೋ ದೂರದ ದೇಶದಲ್ಲಿ ನೆಲ ಸೀಳಿ ಊರುಗಳು ಕುಸಿದರೆ, ಅದರ ಅಲೆ ಭೂಮಿಯ ಮೇಲ್ಪದರವನ್ನೇ ಹಿಡಿದು ಉರುಳುತ್ತ ನಮ್ಮ ತನಕ ಬರುತ್ತದೆ. ಗಾಡಿ ಎರೆಹೊಲದಲ್ಲಿ ನಿಧಾನ, ಕಲ್ಲುನೆಲದಲ್ಲಿ ಜೋರು. ಅಲೆಯ ನಡೆಯೂ ಹಾಗೆಯೇ. ಆರು ಡಬ್ಬಿಗಳನ್ನು ಅದು ಯಾವ್ಯಾವ ಹೊತ್ತಿಗೆ ಮುಟ್ಟಿತು ಎಂದು ಹೋಲಿಸಿದರೆ, ಎಲ್ಲಿ ಮಣ್ಣು ದಪ್ಪ, ಎಲ್ಲಿ ಬಂಡೆ ಮೇಲೆಯೇ ಇದೆ ಎಂದು ತಿಳಿಯುತ್ತದೆ. ಟಿವಿಯಲ್ಲಿ ಹೆಣಗಳನ್ನು ಸಾಲಾಗಿ ಮಲಗಿಸಿದ್ದನ್ನು ತೋರಿಸುವಾಗ ನಾನು ಒಳಗೊಳಗೇ ಖುಷಿಪಡುತ್ತಿದ್ದೆ, ಈ ವಾರ ಒಳ್ಳೆಯ ಅಲೆ ಸಿಕ್ಕಿತು ಎಂದು. ಅಂಥ ಮನುಷ್ಯ ನಾನು.

ಪ್ರತಿ ವಾರ ಕಲಬುರಗಿಯಿಂದ ಹೋಗಿ ಡಬ್ಬಿಗಳ ಕಾರ್ಡು ತಂದು, ಶಹಾಬಜಾರದ ನಮ್ಮ ಮನೆಯ ಮಾಳಿಗೆಯಲ್ಲಿ ಲ್ಯಾಪ್‌ಟಾಪಿಗೆ ಹಾಕುತ್ತಿದ್ದೆ. ಗೆರೆಯಲ್ಲಿ ಎಲ್ಲವೂ ಇರುತ್ತಿತ್ತು: ಲಾರಿ, ದನ, ಮಕ್ಕಳ ಓಟ. ನಮಗೆ ಅದೆಲ್ಲ ಗದ್ದಲ. ಗದ್ದಲವಿದ್ದರೂ ಇರಲಿ, ಮೂಲ ದಾಖಲೆಯನ್ನು ಪೂರ್ತಿ ಉಳಿಸಿಕೋ ಎಂದು ಮೇಲಿನವರು ಹೇಳಿದ್ದರು. ಕಸ ಕೂಡಿಡುವುದು ಯಾಕೆ ಎಂದು ನಾನು ಅಂಥ ಭಾಗಗಳನ್ನು ಕತ್ತರಿಸಿ ಅಳಿಸಿಬಿಡುತ್ತಿದ್ದೆ.

ಕಮಲಾಪುರದ ಒಂದು ಮನೆಯ ಡಬ್ಬಿ ಮಾತ್ರ ನನ್ನ ತಲೆ ತಿನ್ನುತ್ತಿತ್ತು. ಮನೆಯ ಯಜಮಾನ ಟೆಂಪೊ ಓಡಿಸುವವನು, ನನ್ನದೇ ವಯಸ್ಸು, ಬೆಣ್ಣೆಯಂಥ ಮಾತು. "ಬರ್ರಿ ಸರ್ರ, ಮೊದಲ ಚಾ ಆಗ್ಲಿ" ಎಂದು ಕೈಹಿಡಿದು ಕೂರಿಸುವನು. ತೊಗರಿ ಚೀಲ ಇಡುವ ಹಿಂದಿನ ಕೋಣೆಯಲ್ಲಿ, ಫರಸಿ ಕಲ್ಲಿನ ನೆಲದ ಮೇಲೆ ಡಬ್ಬಿಗೆ ಅವನೇ ಜಾಗ ಮಾಡಿಕೊಟ್ಟಿದ್ದ. ಆದರೆ ಆ ಗೆರೆಯಲ್ಲಿ ವಾರಕ್ಕೆ ನಾಲ್ಕೈದು ದಿನ, ಮಧ್ಯಾಹ್ನ ಊಟದ ಹೊತ್ತಿಗೆ, ಹೊಡೆತಗಳು ಮೂಡುತ್ತಿದ್ದವು. ಎಲ್ಲವೂ ಜೋಡಿ ಜೋಡಿ: ಒಂದು ದೊಡ್ಡದು, ಅದರ ಬೆನ್ನಿಗೇ ಒಂದು ಸಣ್ಣದು. ನಮ್ಮವ್ವ ಕೆಳಗೆ ಒರಳಿನಲ್ಲಿ ಖಾರ ಕುಟ್ಟುವಾಗ ಮಾಳಿಗೆಯಲ್ಲಿ ನನ್ನ ಪಾದಕ್ಕೆ ತಾಗುತ್ತಿದ್ದದ್ದೂ ಹಾಗೆಯೇ. ಒನಕೆ ಬಿದ್ದದ್ದು ಒಂದು, ಪುಟಿದದ್ದು ಒಂದು. ಇಲ್ಲೂ ಖಾರವೇ ಇರಬೇಕು ಎಂದುಕೊಂಡೆ. ಮೂರು ತಿಂಗಳು ಕತ್ತರಿಸಿದೆ.

ಒಂದು ಮಧ್ಯಾಹ್ನ ಸಾವಿರಾರು ಮೈಲಿ ಆಚೆ ದೊಡ್ಡ ಭೂಕಂಪವಾಯಿತು. ಐದು ಡಬ್ಬಿಗಳಲ್ಲಿ ಅದರ ಅಲೆ ಅಷ್ಟು ಸ್ಪಷ್ಟವಾಗಿತ್ತು, ಅಂಥದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಟೆಂಪೊದವನ ಮನೆಯ ಡಬ್ಬಿಯಲ್ಲಿ, ಅಲೆ ಏರಿ ಬರುವ ಹೊತ್ತಿಗೆ ಸರಿಯಾಗಿ, ಹನ್ನೊಂದು ಜೋಡಿ ಹೊಡೆತ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ ಗೆರೆಯನ್ನು ಹಾಳೆಯ ಮೇಲೆ ಪ್ರಿಂಟ್ ತೆಗೆದು ಜೇಬಿಗೆ ತುರುಕಿಕೊಂಡು ಬೈಕ್ ಹತ್ತಿದೆ.

ಅವನ ಹೆಂಡತಿ ಒಬ್ಬಳೇ ಇದ್ದಳು, ಜೋಳ ಹಸನು ಮಾಡುತ್ತ ಕೂತಿದ್ದಳು.

"ಏನ್ರೀ ಅಕ್ಕಾರ, ಮಧ್ಯಾಹ್ನ ಖಾರ ಕುಟ್ಟದಿದ್ರ ನಿಮ್ಮ ಮನಿ ನಡ್ಯಂಗಿಲ್ಲೇನ್ರಿ? ನನ್ನ ಕೆಲಸೆಲ್ಲಾ ಹಾಳ ಮಾಡೀರಿ!" ಎಂದು ಹಾಳೆಯನ್ನು ಅವಳ ಮುಂದೆ ಎಸೆದೆ.

ಅವಳು ಅದನ್ನು ಎತ್ತಿಕೊಂಡು, ಯಾವ ದಿನದ್ದು, ಎಷ್ಟು ಹೊತ್ತಿನದು ಎಂದು ಕೇಳಿದಳು. ಹೇಳಿದೆ. ಆ ಗೆರೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು.

"ನಮ್ಮ ಮನ್ಯಾಗ ಖಾರ ಕುಟ್ಟೂ ಒಳ್ಳ ಇಲ್ಲರಿ ಅಣ್ಣಾರ. ಖಾರ ಗಿರಣ್ಯಾಗ ಹಾಕಿಸ್ಕೊಂಡು ಬರ್ತೀವಿ."

ಅವಳು ಎದ್ದು ಹಿಂದಿನ ಕೋಣೆಯ ಗೋಡೆ ತೋರಿಸಿದಳು. ಅವಳ ತಲೆಯ ಎತ್ತರಕ್ಕೆ ಸುಣ್ಣ ಉದುರಿ ಒಳಗಿನ ಮಣ್ಣು ಕಾಣುತ್ತಿತ್ತು. ವಾರ ವಾರ ಅದೇ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ನಾನು ಕಾರ್ಡು ಬದಲಿಸಿದ್ದೆ.

"ನನ್ನ ಗಂಡ ಮಾರಿ ಮುಖಕ್ಕ ಹೊಡ್ಯಂಗಿಲ್ಲರಿ. ಮಂದಿಗೆ ಕಾಣಬಾರ್ದಲ್ಲ."

ಮಹಾಗಾಂವದಲ್ಲಿದ್ದ ಅವಳ ಅಣ್ಣ ಎರಡು ಸಲ ಬಂದಿದ್ದನಂತೆ. ಎರಡು ಸಲವೂ ಇವನ ಚಹಾ ಕುಡಿದು, ಇಂಥ ಗಂಡನ ಮೇಲೆ ಇಲ್ಲದ್ದು ಹೇಳುತ್ತೀಯಾ ಎಂದು ತಂಗಿಗೇ ಬೈದು ಹೋಗಿದ್ದ. ಬರುವ ಭಾನುವಾರ ಹಿರಿಯರನ್ನು ಕೂರಿಸಿ ಮಾತು ಮುಗಿಸುವುದಿತ್ತು.

"ಈ ಸಲಾನೂ ನಮ್ಮಣ್ಣ ನನ್ನ ಬಿಟ್ಟು ಹೋದ್ನಂದ್ರ ನಾ ಜೀವಂತ ಉಳ್ಯಂಗಿಲ್ಲ. ಈ ಡಬ್ಬಿ ಬರ್ದಿದ್ದೆಲ್ಲಾ ತರ್ತೀರೇನ್ರಿ?"

ತರುತ್ತೇನೆ ಎಂದು ಹಾಳೆಯನ್ನು ವಾಪಸ್ ತೆಗೆದುಕೊಂಡೆ. ಮನೆಗೆ ಬಂದು ಹುಡುಕಿದರೆ ಒಂದೂ ಇರಲಿಲ್ಲ. ಮೂರು ತಿಂಗಳ ಮಧ್ಯಾಹ್ನಗಳನ್ನು ನನ್ನ ಕೈಯಾರೆ ಅಳಿಸಿದ್ದೆ; ಉಳಿದಿದ್ದದ್ದು ಆ ಒಂದು ಹಾಳೆ. ಆ ಕೈಯನ್ನು ಕಡಿದು ಹಾಕಬೇಕು ಅನ್ನಿಸಿತು. ಕೆಳಗೆ ಅವ್ವ ಒರಳಿನ ಮುಂದೆ ನಿಂತು ಕುಟ್ಟಲು ಶುರುಮಾಡಿದಳು. "ನಿಲ್ಸವ್ವಾ!" ಎಂದು ಕಿರುಚಿದೆ.

ಭಾನುವಾರ ಅವರ ಪಡಸಾಲೆಯಲ್ಲಿ ಟೆಂಪೊದವನು, ಅವನ ಅಪ್ಪ, ಇಬ್ಬರು ಹಿರಿಯರು, ಅವಳ ಅಣ್ಣ ಕೂತಿದ್ದರು. ಹಾಳೆ ಬಿಚ್ಚಿ, ಇದೇನೆಂದು ವಿವರಿಸಿದೆ. ಅಪ್ಪ ಅದನ್ನು ಸರಿಯಾಗಿ ನೋಡಲೂ ಇಲ್ಲ.

"ಆ ಕಡಿ ಎಮ್ಮಿ ಕಟ್ಟೀವಿ. ಅದು ಒದ್ದಿರ್ಬೇಕು ತಗೋರಿ."

ಹಿರಿಯರು ತಲೆಯಾಡಿಸಿದರು. ಅಣ್ಣ ನೆಲ ನೋಡಿದ. ಟೆಂಪೊದವನು ನಗುತ್ತ ಹೆಂಡತಿಗೆ, "ಸರ್ರಿಗೆ ಚಾ ತಾ" ಎಂದ.

ಆ ನಗು ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ಲ್ಯಾಪ್‌ಟಾಪನ್ನು ಡಬ್ಬಿಗೆ ಜೋಡಿಸಿ, ಪರದೆ ಎಲ್ಲರಿಗೂ ಕಾಣುವಂತೆ ಹಿಂದಿನ ಕೋಣೆಯ ಬಾಗಿಲಲ್ಲಿಟ್ಟೆ. ಕೋಲು ತೆಗೆದುಕೊಂಡು ಹೋಗಿ ಎಮ್ಮೆಗೆ ತಿವಿದೆ. ಅದು ಒದೆಯಿತು, ಪರದೆಯ ಮೇಲೆ ಒಂದೇ ಒಂದು ಸಣ್ಣ ಮುಳ್ಳು. ಒಬ್ಬ ಹಿರಿಯರಿಗೆ ನೆಲಕ್ಕೆ ಕಾಲು ಅಪ್ಪಳಿಸಲು ಹೇಳಿದೆ. ಅದೂ ಒಂದೇ.

"ಹಾಳ್ಯಾಗ ಎಲ್ಲಾ ಜೋಡಿ ಅವ," ಎಂದು ಟೆಂಪೊದವನ ಕಡೆ ತಿರುಗಿದೆ. "ಜೋಡಿ ಹೆಂಗ ಬೀಳ್ತದ, ನಿಮಗ ಗೊತ್ತದಲ್ಲ. ಮಾಡಿ ತೋರಸ್ರಿ."

ಬೆಣ್ಣೆಯ ಮಾತು ಅಲ್ಲಿಗೆ ಮುಗಿಯಿತು. ನನ್ನ ಕೊರಳಪಟ್ಟಿ ಹಿಡಿದು ಹಿಂದಿನ ಕೋಣೆಗೆ ಎಳೆದು ಗೋಡೆಗೆ ಅಪ್ಪಳಿಸಿದ. ತಲೆಯೊಳಗೆ ಏನೋ ಒಡೆದಂತಾಗಿ ಕಣ್ಣು ಕತ್ತಲಿಟ್ಟಿತು. ಮೊಣಕಾಲು ಸೋತು, ಗೋಡೆಗುಂಟ ಜಾರಿ ಫರಸಿಯ ಮೇಲೆ ಧೊಪ್ಪನೆ ಕುಸಿದೆ. ಎತ್ತಿದ. ಮತ್ತೆ ಗೋಡೆ, ಮತ್ತೆ ಫರಸಿ. ಮೂರನೆಯ ಸಲ ಮುಖ ಗೋಡೆಯ ಕಡೆ ತಿರುಗಿತ್ತು. ಹಲ್ಲು ಹೋದದ್ದು ಆಗ. ಬಾಯಿ ತುಂಬ ರಕ್ತ ತುಂಬಿಕೊಂಡು ಬಿದ್ದಿದ್ದಾಗ ನನಗೆ ಆ ಗೆರೆ ಕೊನೆಗೂ ಓದಲು ಬಂತು. ದೊಡ್ಡದು ಗೋಡೆ. ಸಣ್ಣದು ಫರಸಿ.

ಬಿಡಿಸಲು ಯಾರೂ ಬರಲಿಲ್ಲ; ಎಲ್ಲರೂ ಪರದೆಯನ್ನೇ ನೋಡುತ್ತಿದ್ದರು. ಅಲ್ಲಿ ಮೂರು ಜೋಡಿ ಮೂಡಿದ್ದವು. ಅಣ್ಣ ಹಾಳೆಯನ್ನು ಅದರ ಪಕ್ಕಕ್ಕೆ ಹಿಡಿದು, ಒಂದೊಂದು ಜೋಡಿಯ ಮೇಲೂ ಬೆರಳಿಟ್ಟು ಗಟ್ಟಿಯಾಗಿ ಎಣಿಸಿದ. ಹನ್ನೊಂದಕ್ಕೆ ಬಂದಾಗ ಹಾಳೆಯನ್ನು ಕೆಳಗಿಟ್ಟ. ಆಮೇಲೆ ಎದ್ದು ಬಂದು ತಂಗಿಯ ಗಂಡನನ್ನು ನನ್ನ ಮೇಲಿಂದ ಎಳೆದು, ಅದೇ ಗೋಡೆಗೆ ಹೊಡೆದ. ಎಷ್ಟು ಸಲ ಎಂದು ಯಾರೂ ಎಣಿಸಲಿಲ್ಲ. ನನಗೆ ಖುಷಿಯಾಯಿತು, ಇಲ್ಲವೆನ್ನಲಾರೆ.

ಮಣ್ಣಿನ ನಕ್ಷೆಗೆ ಆ ಹಾಳೆಯ ದಾಖಲೆಯನ್ನೇ ಬಳಸಿದೆವು. ಭೂಕಂಪದ ಅಲೆ ಅಷ್ಟು ಉದ್ದನೆಯದು, ನಿಧಾನದ್ದು. ಹೊಡೆತಗಳು ಇದ್ದಂತೆಯೇ ಅದನ್ನು ಓದಲು ಬಂತು. ನಾನು ಯಾವುದನ್ನೂ ಕತ್ತರಿಸಬೇಕಾಗಿಯೇ ಇರಲಿಲ್ಲ.

ಆ ಭಾನುವಾರ ಅವಳು ಒಂದು ಬಟ್ಟೆಗಂಟು ಹಿಡಿದು ಹೊರಗೆ ಬಂದು ಅಣ್ಣನ ಬೈಕಿನ ಹಿಂದೆ ಕೂತಳು. ನಾನು ಟವೆಲ್ಲಿನಿಂದ ಬಾಯಿ ಒತ್ತಿಕೊಂಡು ಕಟ್ಟೆಯ ಮೇಲಿದ್ದೆ.

"ಉಳಿದ ಹಾಳಿ ತರ್ಲಿಲ್ಲಲ್ಲ ಅಣ್ಣಾರ? ಡಬ್ಬಿ ಮೂರ್ ತಿಂಗಳ ಇತ್ತು," ಎಂದಳು.

"ಅಳ್ಸೀನ್ರಿ," ಎಂದೆ. "ಗದ್ದಲ ಅಂತ ತಿಳ್ಕೊಂಡು ನಾನೇ ಎಲ್ಲಾ ಅಳ್ಸೀನಿ."

ಅಣ್ಣ ಬೈಕ್ ಚಾಲೂ ಮಾಡಿದ. ಅವಳು ಗಂಟನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು.

"ಇರ್ಲಿ ಬಿಡ್ರಿ," ಎಂದಳು. "ನನಗ ಎಲ್ಲಾ ನೆನಪವ."