ಯಾರು ಮೊದಲು ಏಳಬೇಕು

ಆಫೀಸಿನಲ್ಲಿ ಅವನನ್ನು ಎಲ್ಲರೂ ಆಮೇಲಪ್ಪ ಅಂತಲೇ ಕರೆಯುತ್ತಿದ್ದರು. ಅವನಿಗೂ ಬೇಸರವಿರಲಿಲ್ಲ, ಅವನ ಕಸುಬೇ ಅಂಥದ್ದು.

ಆಸ್ಪತ್ರೆಯಲ್ಲಿ ಹಾಸಿಗೆ ಪಕ್ಕ ಇಡುವ ಯಂತ್ರಗಳಿಗೆ ಅವನು ಡ್ರೈವರ್ ಬರೆಯುತ್ತಿದ್ದ. ಮಗ ಡ್ರೈವರ್ ಕೆಲಸದಲ್ಲಿದ್ದಾನೆ ಎಂದು ತಾಯಿ ಹೇಳಿದ್ದಕ್ಕೆ ನೆರೆಮನೆಯವರು ಯಾವ ಬಸ್ಸು ಎಂದು ಕೇಳಿದ್ದರಂತೆ. ಯಂತ್ರದ ಒಂದೊಂದು ಭಾಗವನ್ನೂ ಎಬ್ಬಿಸಿ ಕೆಲಸಕ್ಕೆ ಹಚ್ಚುವ ಪುಟ್ಟ ಪ್ರೋಗ್ರಾಂ ಈ ಡ್ರೈವರ್. ಗುಂಡಿ ಒತ್ತಿದೊಡನೆ ಎಲ್ಲದರ ಯಜಮಾನನಾದ, ಕರ್ನಲ್ ಎಂಬ ಮೂಲ ಪ್ರೋಗ್ರಾಂ ಒಂದೊಂದೇ ಡ್ರೈವರನ್ನು ಕೂಗುತ್ತದೆ. ತನಗೆ ಬೇಕಾದ ಭಾಗ ಇನ್ನೂ ಎದ್ದಿಲ್ಲವಾದರೆ ಡ್ರೈವರ್ 'ಆಮೇಲೆ' ಎಂದು ಹೇಳಿ ಸರದಿಯ ಹಿಂದಕ್ಕೆ ಹೋಗಬೇಕು. ಯಾರು ಯಾರಿಗೆ ಕಾಯಬೇಕೆಂಬ ಪಟ್ಟಿ ಬರೆಯುವವನು ಇವನು.

ತಾಯಿಯ ಕೊನೆಗಾಲದಲ್ಲಿ ಅಕ್ಕ ಆಸ್ಪತ್ರೆಯಿಂದ ಫೋನ್ ಮಾಡಿ ಕರೆದಾಗಲೂ ಇವನು ಅದೇ 'ಆಮೇಲೆ' ಹೇಳಿದ್ದ. ಆಫೀಸಿನ ಮೇಜಿನ ಮೇಲೆ ಯಂತ್ರದ ಬೋರ್ಡೊಂದು ಏಳದೆ ಸತಾಯಿಸುತ್ತಿತ್ತು. ಅದನ್ನು ಎಬ್ಬಿಸಿ ಹೋಗುವಷ್ಟರಲ್ಲಿ ತಾಯಿ ಕಣ್ಣು ಮುಚ್ಚಿದ್ದಳು.

"ನಿನ್ನ ಆಮೇಲೆಗೆ ಅಮ್ಮ ಕಾಯ್ಲಿಲ್ಲ ಕಣೋ," ಅಂದಳು ಅಕ್ಕ.

"ನೀನಿದ್ಯಲ್ಲ," ಅಂದುಬಿಟ್ಟ.

ಅಲ್ಲಿಗೆ ಮಾತು ನಿಂತಿತು. ಅವಳೇ ಮೊದಲು ಕರೆಯಲಿ ಎಂದು ಇವನು, ಅವನೇ ಮೊದಲು ಬರಲಿ ಎಂದು ಅವಳು. ನೋಡನೋಡುತ್ತ ಮೂರು ವರ್ಷ ಸರಿದುಹೋಯಿತು.

ಈಚೆಗೆ ಹೊಸ ಯಂತ್ರವೊಂದರ ಪರದೆ ನಾಲ್ಕು ದಿನವಾದರೂ ಬೆಳಗಲಿಲ್ಲ. ಕರೆಂಟು ಕೊಡುವ ಚಿಪ್ ಏಳದೆ ಪರದೆ ಏಳದು. ಪರದೆಯಿಂದ ತಂತಿಯಲ್ಲಿ ಸನ್ನೆ ಬಾರದೆ ಆ ಚಿಪ್ ಕೂಡ ಏಳದು. ಎರಡೂ ಆಮೇಲೆ, ಆಮೇಲೆ ಎನ್ನುತ್ತ ಕತ್ತಲಲ್ಲೇ ಕೂತಿದ್ದವು. ಹೊಸದಾಗಿ ಸೇರಿದ್ದ ಹುಡುಗಿ ಪಟ್ಟಿ ನೋಡಿ ಹೇಳಿದಳು:

"ಇಬ್ರಲ್ಲಿ ಒಬ್ರು ಕಾಯದೆ ಏಳ್ಲೇಬೇಕು ಸಾರ್. ಅರ್ಧಂಬರ್ಧ ಎದ್ರೂ ಸರಿ."

ಅವನು ಪಟ್ಟಿಯಲ್ಲಿ ಚಿಪ್ ಕಾಯಬೇಕೆಂಬ ಒಂದು ಸಾಲು ಅಳಿಸಿದ. ಪರದೆ ಬೆಳಗಿತು. ಉಳಿದವರು ಚಹಾಕ್ಕೆ ಎದ್ದರು. ಇವನು ಚೀಲ ಹೆಗಲಿಗೇರಿಸಿ ಎರಡು ಬಸ್ಸು ಬದಲಿಸಿ ಅಕ್ಕನ ಮನೆ ಬಾಗಿಲು ತಟ್ಟಿದ.

ಬಾಗಿಲು ತೆರೆದ ಭಾವ ಅವನ ಹೆಗಲಿನ ಚೀಲ ಇಳಿಸಿಕೊಂಡರು. ಅಕ್ಕನಿಗೆ ಗಂಟಲಲ್ಲಿ ಗೆಡ್ಡೆಯಾಗಿ, ಎರಡು ತಿಂಗಳ ಹಿಂದೆ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದಾರೆಂದು ಹೇಳಿದರು.

"ನಂಗೊಂದು ಮಾತು ತಿಳಿಸ್ಬಾರ್ದಿತ್ತಾ ಭಾವ?"

"ಅವನಾಗೇ ಬರ್ಲಿ, ನೀವು ಹೇಳ್ಬೇಡಿ ಅಂದ್ಲಪ್ಪ. ಆಪರೇಷನ್ನಿಗೆ ಒಳಗೆ ಹೋಗೋವಾಗ್ಲೂ ಬಾಗಿಲ ಕಡೆ ನೋಡ್ತಿದ್ಲು."

ಒಳಕೋಣೆಯಲ್ಲಿ ಅಕ್ಕ ದಿಂಬಿಗೊರಗಿ ಕೂತಿದ್ದಳು. ಕತ್ತಿಗೆ ಬಿಳಿ ಬಟ್ಟೆ, ತೊಡೆಯ ಮೇಲೆ ಸ್ಲೇಟು. ಮೂರು ವರ್ಷ ಕೂಡಿಟ್ಟದ್ದನ್ನೆಲ್ಲ ಅವನು ಒಂದೇ ಉಸಿರಿಗೆ ಹೇಳಿದ: ತಪ್ಪಾಯ್ತು, ಅಂದು ನಾನು ಬರಬೇಕಿತ್ತು, ಆ ಮಾತು ಆಡಬಾರದಿತ್ತು. ಅವಳ ತುಟಿ ಅಲುಗಿತು, ಕತ್ತಿನ ಬಟ್ಟೆಯಡಿಯಿಂದ ಉಸಿರಷ್ಟೇ ಹೊರಟಿತು.

ಅವಳು ಬಳಪ ಎತ್ತಿಕೊಂಡು ಬರೆದಳು: ಊಟ ಆಯ್ತಾ?

ಅವನಿಗೆ ದನಿಯಿತ್ತು, ಉತ್ತರ ಹೇಳಬಹುದಿತ್ತು. ಆದರೆ ಅವಳ ಕೈಯಿಂದ ಬಳಪ ತೆಗೆದುಕೊಂಡು, ಅವಳ ಅಕ್ಷರದ ಕೆಳಗೇ ಬರೆದ: ಇಲ್ಲ ಅಕ್ಕಾ.